ಹೊಗಳಿದರೆ ಬೈದಂತೆ

ಜೂನ್ 2, ಸೋಮವಾರ

ಇವತ್ತು ನನ್ನ ಗಂಡನಿಗೆ ಸನ್ಮಾನವಾಯಿತು. ಡ್ರೈವಿಂಗ್ ಸ್ಕೂಲಿನ ಯಜಮಾನ ನಮ್ಮ ಹೊಲಿಗೆ ಅಂಗಡಿಗೆ ಬಂದು, ಇವರು ಹೊಲಿದಿಟ್ಟಿದ್ದ ಪ್ಯಾಂಟನ್ನು ಪರದೆಯ ಹಿಂದೆ ಹಾಕಿಕೊಂಡು, ಸೊಂಟದ ಹತ್ತಿರ ಒಂದು ಹಿಡಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ.

“ಅದ್ಭುತ ಮಾಸ್ಟರ್. ಇದರಲ್ಲಿ ನಾನೂ ನನ್ನ ಹೆಂಡತಿನೂ ಒಟ್ಟಿಗೆ ಓಡಾಡಬಹುದು. ಮುಂದಿನ ಸಲ ಅವಳನ್ನೂ ಕರ್ಕೊಂಡು ಬರ್ತೀನಿ,” ಅಂದ.

“ಧಾರಾಳವಾಗಿ ಬನ್ನಿ. ಅವರ ಅಳತೆನೂ ತಗೋತೀನಿ. ನಿಮಗೆ ಇಷ್ಟ ಆಯ್ತಲ್ಲ, ಖುಷಿ ಆಯ್ತು,” ಅಂದರು ಇವರು.

ಆ ಮನುಷ್ಯ ಇವರನ್ನೇ ಒಂದು ಕ್ಷಣ ನೋಡಿದ. ಆಮೇಲೆ ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ಅವನ ಮುಖ ಇಳಿದುಹೋಯಿತು. ಪ್ಯಾಂಟನ್ನು ಹಾಗೆಯೇ ಕಟ್ಟಿಸಿಕೊಂಡು, “ಪರವಾಗಿಲ್ಲ ಬಿಡಿ ಮೇಡಂ,” ಎಂದು ನನಗೆ ಹೇಳಿ ಹೋದ. ಜಗಳವಾಡಿದ್ದರೆ ಸಹಿಸುತ್ತಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು. ನೆಲಕ್ಕೆ ಅಷ್ಟು ದಯೆ ಎಲ್ಲಿ ಬರಬೇಕು.

ಆಸ್ಪತ್ರೆಯಿಂದ ಬಂದಮೇಲೆ ಇವರ ಎಡಗೈ ಅರ್ಧ ಸತ್ತಂತಿದೆ. ಬಟ್ಟೆ ಜಾರುತ್ತದೆ, ಅಳತೆ ತಪ್ಪುತ್ತದೆ. ಅದನ್ನು ಜನ ಒಪ್ಪುತ್ತಾರೆ, ಪಾರ್ಶ್ವವಾಯು ಅಂದರೆ ಕೈ ಹೋಗುವುದು ಎಲ್ಲರಿಗೂ ಗೊತ್ತು. ಆದರೆ ಇವರಿಗೆ ಹೋಗಿರುವುದು ಇನ್ನೊಂದು ಇದೆ. ಅದನ್ನು ಯಾರಿಗೆ ಹೇಗೆ ವಿವರಿಸಲಿ? ನನ್ನ ಗಂಡನಿಗೆ ಯಾರು ಏನು ಅಂದರೂ ಅಂದದ್ದಷ್ಟೇ ಕೇಳಿಸುತ್ತದೆ ಎಂದು ಬೋರ್ಡು ಬರೆಸಿ ಅಂಗಡಿಯ ಮುಂದೆ ತೂಗುಹಾಕಲೆ? ಊರಿಗೆ ಊರೇ ನಕ್ಕು ಸಾಯಲಿ.

ಜೂನ್ 5, ಗುರುವಾರ

ಮಾತಿನ ಡಾಕ್ಟರ ಹತ್ತಿರ ಹೋಗಿದ್ದೆವು. ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿಯ ಹಾಗಿದ್ದಾಳೆ. ಇವರ ಮುಂದೆ ಚಿತ್ರಗಳನ್ನು ಇಟ್ಟಳು. ಒಂದರಲ್ಲಿ ಒಬ್ಬಳ ಕೈಯಿಂದ ಪಾತ್ರೆ ಬಿದ್ದು ನೆಲವೆಲ್ಲ ಹಾಲಾಗಿದೆ. ಪಕ್ಕದಲ್ಲಿ ನಿಂತವನು ‘ಎಷ್ಟು ಜೋಪಾನ ನೀನು’ ಅನ್ನುತ್ತಿದ್ದಾನೆ. “ಇವನು ಏನು ಹೇಳ್ತಿದ್ದಾನೆ ಸರ್?” ಎಂದು ಕೇಳಿದಳು.

“ಜೋಪಾನ ಅಂತ ಮೆಚ್ಚಿಕೊಳ್ತಿದ್ದಾನೆ,” ಅಂದರು ಇವರು. ಸ್ವಲ್ಪ ತಡೆದು, “ಆದ್ರೆ ಹಾಲು ಚೆಲ್ಲಿದೆಯಲ್ಲ. ಅವನು ನೋಡಿಲ್ಲ ಅನ್ಸುತ್ತೆ,” ಅಂದರು.

ಇವರನ್ನು ಹೊರಗೆ ಕೂರಿಸಿ ನನಗೆ ಹೇಳಿದಳು. “ಮಾತಿಗೇನೂ ಆಗಿಲ್ಲ ಮೇಡಂ. ಪದ ಸಿಗುತ್ತೆ, ವಾಕ್ಯ ಸರಿಯಾಗಿದೆ. ಬುದ್ಧಿನೂ ಸರಿಯಾಗಿದೆ. ಒಬ್ಬರು ಬಾಯಲ್ಲಿ ಒಂದು ಹೇಳಿ ಮನಸ್ಸಲ್ಲಿ ಇನ್ನೊಂದು ಇಟ್ಕೊಂಡಿರ್ತಾರಲ್ಲ, ಆ ಇನ್ನೊಂದು ಅವರಿಗೆ ಸಿಕ್ತಿಲ್ಲ. ದನಿ ಬದಲಾದ್ರೂ ಗೊತ್ತಾಗಲ್ಲ. ಹೋಲಿಕೆ, ಉತ್ಪ್ರೇಕ್ಷೆ, ವ್ಯಂಗ್ಯ, ಇದನ್ನೆಲ್ಲ ಮತ್ತೆ ಕಲಿಸಬೇಕು. ನೀವು ಭಾಷೆ ಪಾಠ ಮಾಡೋರಂತೆ. ಇನ್ನೇನು ಬೇಕು.”

ಇನ್ನೇನು ಬೇಕು. ಇಪ್ಪತ್ತು ವರ್ಷದಿಂದ ಅಲಂಕಾರ ಕಲಿಸಿಕೊಂಡು ಬಂದಿದ್ದೇನೆ. ಕತ್ತೆಗೂ ಉಪಮೆ ಕಲಿಸಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡವಳು ನಾನು. ಈಗ ಪರೀಕ್ಷೆಗೆ ನಿಂತಂತಾಯಿತು.

ಜೂನ್ 8, ಭಾನುವಾರ

ಅಂಗಡಿ ರಜೆ. ಕಟಿಂಗ್ ಟೇಬಲ್ ಖಾಲಿ ಮಾಡಿಸಿ ಪಾಠಕ್ಕೆ ಕೂತೆವು. ಉಪಮೆ ಸಲೀಸಾಯಿತು. ‘ಹಾಗೆ’, ‘ಅಂತೆ’ ಎಂಬ ಮಾತು ಎದುರಿಗೇ ಇರುತ್ತದೆ, ಇವರು ಅದನ್ನು ತಟ್ಟನೆ ಹಿಡಿಯುತ್ತಾರೆ. ರೂಪಕಕ್ಕೆ ಸ್ವಲ್ಪ ತಿಣುಕಿದರು. ಅತಿಶಯೋಕ್ತಿಗೆ ನಾನೊಂದು ಉಪಾಯ ಹೇಳಿಕೊಟ್ಟೆ: “ಇದು ಆಗೋ ಮಾತಾ ಅಂತ ಕೇಳ್ಕೊಳ್ಳಿ. ಆಗದ ಮಾತಾದ್ರೆ ದೊಡ್ಡದು ಮಾಡಿ ಹೇಳ್ತಿದ್ದಾರೆ ಅಂತ ಅರ್ಥ.” ಹತ್ತಕ್ಕೆ ಹತ್ತು ತಗೊಂಡರು. ಮುಖದಲ್ಲಿ ಎಷ್ಟು ಸಂತೋಷ ಅಂದರೆ ನನಗೇ ಕಣ್ಣು ತುಂಬಿತು. ನಾನೇ ಜಗತ್ತಿನ ಅತಿ ದೊಡ್ಡ ಮೇಡಂ.

ವ್ಯಂಗ್ಯಕ್ಕೆ ಬಂದು ಗಾಡಿ ನಿಂತಿತು.

ಒಂದು ಕಾಲದಲ್ಲಿ ಇವರು ನನಗೆ ಸರಿಜೋಡಿ. ಮದುವೆಯಾದ ಹೊಸದರಲ್ಲಿ, ಉಪ್ಪಿಲ್ಲದ ಸಾರನ್ನು ತುಟಿಪಿಟಕ್ಕೆನ್ನದೆ ಉಂಡದ್ದಕ್ಕೆ ನಾನು “ನಿಮ್ಮಂಥ ರಸಿಕರು ಸಿಕ್ಕಿದ್ದು ನನ್ನ ಭಾಗ್ಯ” ಅಂದಿದ್ದೆ. ಇವರು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, “ಅಷ್ಟೊಂದು ಭಾಗ್ಯ ಒಬ್ಬಳೇ ಇಟ್ಕೋಬೇಡ ಟೀಚರೇ, ಪಕ್ಕದ ಮನೆಗೂ ಸ್ವಲ್ಪ ಕೊಡು” ಅಂದಿದ್ದರು. ನಗು ತಡೆಯಲಾರದೆ ಗೋಡೆ ಹಿಡಿದು ಕೂತಿದ್ದೆ. ನಮ್ಮ ಸಂಸಾರ ನಡೆದದ್ದೇ ಹಾಗೆ. ನೆಟ್ಟಗೆ ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ, ಆಡುವ ಅಗತ್ಯವೂ ಬಿದ್ದಿರಲಿಲ್ಲ.

ಜೂನ್ 11, ಬುಧವಾರ

“ಗುರುತು ಏನು ಹೇಳು,” ಅನ್ನುತ್ತಾರೆ ಇವರು. “ಉಪಮೆಗೆ ‘ಹಾಗೆ’ ಇದೆ. ಇದಕ್ಕೇನಿದೆ?”

ದನಿಯಲ್ಲಿ ಇದೆ ಅಂದೆ. ದನಿ ಇವರಿಗೆ ಕೇಳಿಸುವುದಿಲ್ಲ. ಮುಖದಲ್ಲಿ ಇದೆ ಅಂದೆ. ನನ್ನ ಮುಖವನ್ನೇ ನೋಡುತ್ತ ಕೂತರು, ಪಾಪ, ಕನ್ನಡಕ ಒರೆಸಿಕೊಂಡು. ಕೊನೆಗೆ ನನಗೆ ಸಾಕಾಗಿ, “ನೋಡಿ, ಊರಿನವರ ಮಾತು ಆಮೇಲೆ. ಮೊದಲು ನನ್ನದು ಕಲೀರಿ. ನಾನು ನಿಮ್ಮನ್ನ ಹೊಗಳಿದ್ರೆ ಬೈದೆ ಅಂತ ತಿಳ್ಕೊಳ್ಳಿ. ಅದಕ್ಕೆ ವ್ಯಾಜಸ್ತುತಿ ಅಂತಾರೆ,” ಅಂದೆ.

“ಯಾವಾಗಲೂನಾ?”

“ಯಾವಾಗಲೂ.”

ಪರೀಕ್ಷಿಸಿದೆ. ಎಂತಹ ಚುರುಕು ನಿಮ್ಮದು ಅಂದೆ, ಬೈಗುಳ ಅಂದರು. ನಿಮ್ಮಿಂದ ಮನೆ ಬೆಳಗುತ್ತಿದೆ ಅಂದೆ, ಬೈಗುಳ ಅಂದರು. ಒಂದೂ ತಪ್ಪಲಿಲ್ಲ. ಮಾತಿನ ಡಾಕ್ಟರಿಗೆ ತೋರಿಸಿದರೆ ಮೂಗಿನ ಮೇಲೆ ಬೆರಳಿಡುತ್ತಾಳೆ.

ಜೂನ್ 14, ಶನಿವಾರ

ಹೆಡ್ಮಾಸ್ಟರ ಬೀಳ್ಕೊಡುಗೆ. ಕುಟುಂಬ ಸಮೇತ ಬನ್ನಿ ಎಂದಿದ್ದರು. ಇವರನ್ನು ಕರೆದುಕೊಂಡು ಹೋದೆ, ಅತಿಶಯೋಕ್ತಿಯಲ್ಲಿ ಹತ್ತಕ್ಕೆ ಹತ್ತು ತಗೊಂಡವರಲ್ಲವೆ ಎಂಬ ಧೈರ್ಯದಿಂದ.

ಡ್ರಿಲ್ ಮೇಷ್ಟ್ರು ಮೈಕ್ ಹಿಡಿದು, “ಇವರು ಹೊರಟುಹೋದರೆ ಈ ಶಾಲೆ ಕುಸಿದುಬೀಳುತ್ತದೆ. ಒಂದು ದಿನವೂ ನಿಲ್ಲುವುದಿಲ್ಲ,” ಅಂದು ಕರವಸ್ತ್ರ ತೆಗೆದರು. ಸಭಾಂಗಣದಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಇವರು ಪಕ್ಕದ ಕುರ್ಚಿಯ ಗಣಿತದ ಮೇಡಂಗೆ, “ಕಟ್ಟಡ ಅಷ್ಟು ಹಳೇದಾ? ಮತ್ತೆ ಮಕ್ಕಳನ್ನ ಒಳಗೆ ಯಾಕೆ ಕೂರಿಸಿದ್ದಾರೆ?” ಅಂದರು.

ಹಿಂದಿನ ಸಾಲಿನ ಹುಡುಗರು ಮೊದಲು ನಕ್ಕರು. ಆಮೇಲೆ ಇಡೀ ಸಭೆಯೇ ನಕ್ಕಿತು. ಜೋಕು ಹೊಡೆದರು ಎಂದುಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಇವರು ಎದ್ದು ನಿಂತು, “ನಗೋ ಮಾತಲ್ಲ ಇದು, ಚಿಕ್ಕ ಮಕ್ಕಳಿದ್ದಾರೆ,” ಅಂದುಬಿಟ್ಟರು. ಆಗ ನಗು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಇವರ ತೋಳು ಹಿಡಿದು ಜಗ್ಗಿ ಕೂರಿಸಿದೆ. ಎಡತೋಳನ್ನು. ನೋವಾಗಿರಬೇಕು.

ಬಸ್ಸಿನಲ್ಲಿ ನನ್ನ ಹೊಟ್ಟೆಯ ಉರಿಯೆಲ್ಲ ಹೊರಗೆ ಬಂತು. “ಇವತ್ತು ನನ್ನ ಮರ್ಯಾದೆ ಗಗನಕ್ಕೇರಿಸಿದ್ರಿ. ಇನ್ಮೇಲೆ ಎಲ್ಲಾ ಕಡೆ ಕರ್ಕೊಂಡು ಹೋಗ್ತೀನಿ. ಒಂದೂ ಬಿಡಲ್ಲ,” ಅಂದೆ.

“ಆಗ್ಲಿ,” ಅಂದರು, ಕಿಟಕಿಯ ಕಡೆ ನೋಡುತ್ತ. ಮುಖದಲ್ಲಿ ತಿಳಿನಗು.

ನಾನೇ ಕಲಿಸಿದ ಪಾಠ ಮೂರೇ ದಿನಕ್ಕೆ ಮರೆತಿದ್ದಾರೆ ಎಂದು ಇನ್ನಷ್ಟು ರೇಗಿತು.

ಜೂನ್ 20, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ಇವತ್ತು ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಬೆಳಿಗ್ಗೆ ನಾನು ಸ್ನಾನ ಮಾಡಿ ಹೊರಗೆ ಬಂದರೆ ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೂದಲು ಬಾಚಿಕೊಂಡು, ಬೆಂಚಿನ ಮೇಲೆ ಕೂತಿದ್ದಾರೆ. ಶೂ ಲೇಸು ಸಹ ಕಟ್ಟಿಕೊಂಡಿದ್ದಾರೆ. ಒಂದು ಕೈಯಲ್ಲಿ ಲೇಸು ಕಟ್ಟಲು ಇವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತು.

“ಎಲ್ಲಿಗೆ?” ಅಂದೆ.

“ನಿನ್ನ ಜೊತೆ. ಎಲ್ಲಾ ಕಡೆ ಕರ್ಕೊಂಡು ಹೋಗ್ತೀನಿ ಅಂದಿದ್ದೆಯಲ್ಲ.”

“ಹೊಗಳಿದ್ರೆ ಬೈದೆ ಅಂತ ಅರ್ಥ ಅಂದಿರ್ಲಿಲ್ವಾ ನಾನು?”

“ಮರ್ಯಾದೆ ಮಾತು ಬೈಗುಳ, ಅದು ಗೊತ್ತಾಯ್ತು. ಆಮೇಲಿನದರಲ್ಲಿ ಹೊಗಳಿಕೆ ಎಲ್ಲಿತ್ತು? ಕರ್ಕೊಂಡು ಹೋಗ್ತೀನಿ ಅಂದೆ ಅಷ್ಟೆ.”

ಮರುಕಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಬೀಳ್ಕೊಡುಗೆಯ ದಿನದ ನಗು, ಗಣಿತದ ಮೇಡಂ ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಭುಜ ತಟ್ಟಿದ್ದು, ಎಲ್ಲ ಒಟ್ಟಿಗೆ ತಲೆಗೇರಿತು. “ನಿಮ್ಮ ತಂಗಿ ಮನೆಗೆ ಹೋಗಿ ಇದ್ದುಬಿಡಿ. ನಾನು ಇಲ್ಲಿ ಹಾಯಾಗಿರ್ತೀನಿ,” ಎಂದು ಬಾಗಿಲು ಎಳೆದುಕೊಂಡು ಹೊರಟುಬಿಟ್ಟೆ.

ಸಂಜೆ ಬಂದಾಗ ಅಂಗಡಿಯ ಶಟರ್ ಇಳಿದಿತ್ತು. ಮಾತ್ರೆಯ ಡಬ್ಬಿ ಇರಲಿಲ್ಲ. ಮೆಷಿನ್ನಿಗೆ ಹೊದಿಕೆ ಹೊದಿಸಿ, ಸ್ವಿಚ್ ಆರಿಸಿ, ನನಗೆ ಚಹಾಕ್ಕೆ ಬೇಕಾದ ಹಾಲನ್ನು ಕಾಯಿಸಿ ಮುಚ್ಚಿಟ್ಟು ಹೋಗಿದ್ದರು. ಸಿಟ್ಟಿನಿಂದ ಹೋದವರು ಹಾಲು ಕಾಯಿಸಿಟ್ಟು ಹೋಗುವುದಿಲ್ಲ. ಹೋಗಿ ಅಂದೆ, ಹೋದರು.

ನಾದಿನಿ ಫೋನ್ ಮಾಡಿದಳು. “ಅತ್ತಿಗೆ, ಅಣ್ಣ ಬಂದಿದ್ದಾನೆ. ನಿಮಗೆ ಹಾಯಾಗಿರ್ಲಿ ಅಂತ ಬಂದೆ ಅಂತಾನೆ. ಏನಾಯ್ತು?”

“ನಾನೇ ಕಳಿಸಿದೆ ಕಣೇ,” ಅಂದೆ. “ಸ್ವಲ್ಪ ಬದಲಾವಣೆ ಇರ್ಲಿ ಅಂತ. ಡಾಕ್ಟ್ರೇ ಹೇಳಿದ್ರು.”

ಸುಳ್ಳು ಎಷ್ಟು ಸರಾಗವಾಗಿ ಬಂತು.

ಜೂನ್ 22, ಭಾನುವಾರ

ಯಾರಿಗೂ ಹೇಳಲಾರದ್ದನ್ನು ಇಲ್ಲಿ ಬರೆಯುತ್ತೇನೆ. ನಿನ್ನೆ ನನಗೆ ಹಾಯೆನಿಸಿತು. ಕೈಕಾಲು ಚಾಚಿ ಮಧ್ಯಾಹ್ನ ನಿದ್ದೆ ಮಾಡಿದೆ. ಯಾರಿಗೂ ಏನನ್ನೂ ಎರಡೆರಡು ಸಲ ವಿವರಿಸಲಿಲ್ಲ. ರೇಡಿಯೋ ಹಾಕಿಕೊಂಡು, ಒಬ್ಬಳೇ ಊಟ ಮಾಡಿ, ತಟ್ಟೆ ತೊಳೆಯದೆ ಹಾಗೆಯೇ ಬಿಟ್ಟೆ.

ಸಿಟ್ಟಿನಲ್ಲಿ ಅಂದ ಮಾತು, ಅದಕ್ಕೆ ಅರ್ಥವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅರ್ಥ ಇತ್ತು. ಇವರಿಗೆ ಸರಿಯಾಗಿಯೇ ಕೇಳಿಸಿತ್ತು.

ಜೂನ್ 24, ಮಂಗಳವಾರ

ಇಬ್ಬರು ಗಿರಾಕಿಗಳು ಬಂದು ಶಟರ್ ತಟ್ಟಿದರು. ಊರಿಗೆ ಹೋಗಿದ್ದಾರೆ ಅಂದೆ. ಯಾವಾಗ ಬರ್ತಾರೆ ಅಂದರು. ಗೊತ್ತಿಲ್ಲ ಅಂದೆ. ಎರಡನೆಯವರು ನನ್ನನ್ನು ಒಂದು ಥರ ನೋಡಿದರು.

ನಿದ್ದೆ ಬರುತ್ತಿಲ್ಲ.

ಜೂನ್ 29, ಭಾನುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ನಾದಿನಿಯ ಮನೆಗೆ ಹೋದೆ. ಕರೆದುಕೊಂಡು ಬರಲು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ.

ಇವರು ವರಾಂಡದಲ್ಲಿ ಕೂತು ನಾದಿನಿಯ ದಿಂಬಿನ ಕವರು ಹೊಲಿಯುತ್ತಿದ್ದರು. ನನ್ನನ್ನು ಕಂಡು ಸೂಜಿ ಪಕ್ಕಕ್ಕಿಟ್ಟರು. “ಚೆನ್ನಾಗಿದ್ದೀಯಾ?” ಅಂದರು.

“ಮನೆಗೆ ಬನ್ನಿ,” ಅಂದೆ. “ನೀವಿಲ್ಲದೆ ಮನೆ ಮನೆಯಾಗಿಲ್ಲ. ನಿಮ್ಮಂಥ ಒಳ್ಳೆ ಮನುಷ್ಯ ನನಗೆ ಸಿಗೋದು ಸಾಧ್ಯನೇ ಇರ್ಲಿಲ್ಲ.”

ಮನಸ್ಸಿನಿಂದ ಬಂದ ಮಾತು. ಬಾಯಿ ಬಿಟ್ಟು ಅಂಥದ್ದನ್ನು ಹೇಳಿದ್ದು ಅದೇ ಮೊದಲು. ನನ್ನ ದನಿಯೂ ನಡುಗಿತ್ತು. ಆದರೆ ದನಿ ಇವರಿಗೆ ಕೇಳಿಸುವುದಿಲ್ಲವಲ್ಲ.

ಇವರು ಹುಬ್ಬು ಗಂಟು ಹಾಕಿ ಯೋಚಿಸಿದರು. ಆಮೇಲೆ, “ಹೊಗಳಿದೆ. ಅಂದ್ರೆ ಬೈಗುಳ. ವ್ಯಾಜಸ್ತುತಿ,” ಅಂದು, ಸರಿಯಾಯಿತಾ ಎಂದು ನನ್ನ ಮುಖ ನೋಡಿದರು. ಉತ್ತರ ಹೇಳಿದ ಮಗು ಮಾರ್ಕಿಗೆ ಕಾಯುವ ಹಾಗೆ.

“ಅಲ್ಲ, ಇದು ನಿಜ,” ಅಂದೆ.

“ಯಾವಾಗಲೂ ಅಂದಿದ್ದೆ ನೀನು. ಈಗ ಅಲ್ಲ ಅಂತೀಯ. ಗೊತ್ತಾಗೋದು ಹೇಗೆ?” ಇವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಕೇಳಿ ತಿಳಿದುಕೊಳ್ಳುತ್ತಿದ್ದರು.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. “ಅತ್ತಿಗೆ, ಇದೇನು ಹೊಗಳಿದ್ರೆ ಬೈಗುಳ ಅನ್ನೋದು? ಯಾರು ಕಲಿಸಿದ್ರು ಅವನಿಗೆ?” ಅಂದಳು.

ನನಗೆ ತಲೆ ಎತ್ತಲಾಗಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ. ಒಬ್ಬಳೇ.

ಜುಲೈ 3, ಗುರುವಾರ

ಮಾತಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬಸ್ಸಿನ ಮಾತು, ಬಾಗಿಲ ಮಾತು, ವ್ಯಾಜಸ್ತುತಿ. ಮಧ್ಯಾಹ್ನದ ನಿದ್ದೆಯ ವಿಷಯ ಹೇಳಲಿಲ್ಲ. ಅವಳಾದರೂ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಅವರು ತಪ್ಪು ಉತ್ತರ ಕೊಟ್ಟಿಲ್ಲ ಮೇಡಂ,” ಅಂದಳು. “ನೀವು ಕೊಟ್ಟ ನಿಯಮದ ಪ್ರಕಾರ ಸರಿ. ನಿಮ್ಮ ಹಳೇ ಅಭ್ಯಾಸದ ಪ್ರಕಾರನೂ ಸರಿ.”

“ಈಗ ಏನು ಮಾಡ್ಲಿ?”

“ಅಲಂಕಾರ ಆಮೇಲೆ ಕಲೀಲಿ. ಹೊರಗಡೆ ಎಲ್ಲರ ಮಾತೂ ಅವರು ಊಹೆ ಮಾಡ್ಕೊಂಡೇ ಕೇಳಬೇಕು, ಸುಸ್ತಾಗುತ್ತೆ. ಇವಳು ಅಂದಿದ್ದೇ ಇವಳ ಮನಸ್ಸಲ್ಲೂ ಇದೆ ಅಂತ ನಂಬೋಕೆ ಒಬ್ಬರಾದ್ರೂ ಬೇಕು ಅವರಿಗೆ.”

ಜುಲೈ 8, ಮಂಗಳವಾರ

ತರಗತಿಯಲ್ಲಿ ಒಬ್ಬ ಹುಡುಗಿ ಪ್ರಬಂಧ ಓದಿದಳು. ಚೆನ್ನಾಗಿತ್ತು. “ಚೆನ್ನಾಗಿದೆ,” ಅಂದೆ.

ಅವಳ ಮುಖ ಕೆಂಪಾಯಿತು. ಕೂರಲಿಲ್ಲ. “ಏನು ತಪ್ಪಾಯ್ತು ಮೇಡಂ?” ಅಂದಳು.

“ಏನೂ ತಪ್ಪಿಲ್ಲ. ಚೆನ್ನಾಗಿದೆ.”

ಪಕ್ಕದವಳು ಅವಳ ಲಂಗ ಜಗ್ಗಿ ಏನೋ ಪಿಸುಗುಟ್ಟಿದಳು. ಅವಳು ಕಣ್ಣು ಒರೆಸಿಕೊಂಡು ಕೂತಳು. ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು.

ಇವರಿಗೆ ಮಾತ್ರ ಅಲ್ಲ. ಈ ಹುಡುಗಿಯರಿಗೂ ನಾನು ಅದನ್ನೇ ಕಲಿಸಿದ್ದೇನೆ. ಬುದ್ಧಿವಂತೆ ಅನ್ನಿಸಿಕೊಳ್ಳಲು ಎಷ್ಟು ಮಕ್ಕಳನ್ನು ಹೀಗೆ ಹೊಗಳಿದ್ದೇನೋ. ಉಳಿದ ಮಕ್ಕಳು ನಗುತ್ತಿದ್ದರು. ನನಗೆ ಆ ನಗು ಇಷ್ಟವಾಗುತ್ತಿತ್ತು.

ಗಂಟೆ ಹೊಡೆದ ಮೇಲೆ ಅವಳ ಹತ್ತಿರ ಹೋಗಿ, ಪ್ರಬಂಧದ ಯಾವ ವಾಕ್ಯ ಯಾಕೆ ಹಿಡಿಸಿತು ಎಂದು ಹೇಳಿದೆ. ಪೂರ್ತಿ ನಂಬಿದಳು ಅಂತ ಅನ್ನಿಸಲಿಲ್ಲ. ನಾಳೆಯೂ ಹೇಳಬೇಕು.

ಜುಲೈ 13, ಭಾನುವಾರ

ನಾದಿನಿಯ ಮನೆಗೆ ಹೋದೆ. ಏನನ್ನೂ ಜೋಡಿಸಿಕೊಂಡು ಹೋಗಲಿಲ್ಲ.

ಇವರು ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟರು. ಕೂತೆ. ನಾದಿನಿ ಒಳಗಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಳು.

“ವ್ಯಾಜಸ್ತುತಿ ಪಾಠ ತಪ್ಪು,” ಅಂದೆ. “ನಾನೇ ತಪ್ಪು ಹೇಳಿಕೊಟ್ಟೆ. ಅದನ್ನ ಬಿಟ್ಬಿಡಿ. ಇನ್ಮೇಲೆ ನಾನು ಏನು ಅಂತೀನೋ ಅದೇ ಅರ್ಥ.”

ಇವರು ತಲೆಯಾಡಿಸಿದರು. ಎಡಗೈ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸುತ್ತಿದ್ದರು, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ.

“ಅವತ್ತು ಹಾಯಾಗಿರ್ತೀನಿ ಅಂದೆಯಲ್ಲ,” ಅಂದರು. “ಹಾಯಾಗಿದ್ದೆಯಾ?”

ಇಲ್ಲ ಅನ್ನುವುದು ಸುಲಭವಿತ್ತು. ಸಿಟ್ಟಿನ ಮಾತು, ಮನಸ್ಸಿನಲ್ಲಿ ಇರಲಿಲ್ಲ ಅಂದರೆ ನಾದಿನಿಯೂ ಒಪ್ಪುತ್ತಿದ್ದಳು. ಬಾಗಿಲ ಹಿಂದೆ ಅವಳ ಸೆರಗು ಕಾಣುತ್ತಿತ್ತು.

“ಹೂಂ,” ಅಂದೆ. “ಎರಡು ದಿನ ಹಾಯಾಗಿದ್ದೆ.”

“ಆಮೇಲೆ?”

“ಆಮೇಲೆ ಇರ್ಲಿಲ್ಲ.”

“ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದಾಗ ನಿನಗೆ ನಾಚಿಕೆ ಆಯ್ತಾ?”

“ಆಯ್ತು.”

“ಮುಂದೆನೂ ಆಗುತ್ತಾ?”

“ಆಗಬಹುದು. ಆದ್ರೂ ನೀವು ಮನೆಗೆ ಬರಬೇಕು ಅಂತ ಇದೆ ನನಗೆ.”

ಇವರು ನನ್ನ ಮುಖ ನೋಡುತ್ತಿರಲಿಲ್ಲ. ನೆಲ ನೋಡುತ್ತ, ನಾನು ಅಂದ ಮಾತುಗಳನ್ನು ತುಟಿಯಲ್ಲೇ ಮತ್ತೊಮ್ಮೆ ಹೇಳಿಕೊಂಡರು.

“ಇದರಲ್ಲಿ ಹೊಗಳಿಕೆ ಇಲ್ಲ,” ಅಂದರು.

“ಇಲ್ಲ.”

“ಹಾಗಾದ್ರೆ ನಿಜ.”

ಇವರು ಎದ್ದು ಒಳಗೆ ಹೋದರು. ಮಾತ್ರೆಯ ಡಬ್ಬಿ ಚೀಲಕ್ಕೆ ಹಾಕುವ ಸದ್ದು ಕೇಳಿಸಿತು. ನಾದಿನಿ ಹೊರಗೆ ಬಂದು ನನ್ನ ಮುಂದೆ ನೀರಿನ ಲೋಟ ಇಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚೀಲ ಹೆಗಲಿಗೆ ಹಾಕಿಕೊಂಡು ಇವರು ಬಾಗಿಲಿಗೆ ಬಂದರು. “ಬರ್ಲಾ?” ಅಂದರು.

“ಬನ್ನಿ,” ಅಂದೆ.

ಇನ್ನೇನಾದರೂ ಹೇಳುತ್ತೇನಾ ಎಂದು ಇವರು ಒಂದು ಕ್ಷಣ ಕಾದರು. ನಾನು ಏನೂ ಸೇರಿಸಲಿಲ್ಲ.